ಮಾರಾಟಕ್ಕಿದೆ: ಗಾಂಧಿ ಬಜಾರಿನ ಪಕ್ಕ ಒಂದು ರೂಮಿನ ಮನೆ

ಬಸವನಗುಡಿಯ ಅಡ್ಡರಸ್ತೆಗಳಲ್ಲಿ ತಲೆಯೆತ್ತಿ ನಡೆಯುವ ಅಭ್ಯಾಸ ಇದ್ದವರಿಗೆ ಈ ಬೋರ್ಡು ಹೊಸದಲ್ಲ. ಮೂರನೇ ಅಂತಸ್ತಿನ ಬಾಲ್ಕನಿ ಸರಳಿಗೆ ತಂತಿ ಬಿಗಿದು ಒಂದು ತಗಡು ನೇತುಹಾಕಿರುತ್ತಾರೆ. ‘ಮಾರಾಟಕ್ಕಿದೆ. ಒಂದು ಬೆಡ್‌ರೂಮಿನ ಫ್ಲಾಟು. ಬ್ರೋಕರುಗಳು ಬೇಡ.’ ಅದನ್ನು ಓದಿ ಮೊದಲು ನಂಬರು ಬರೆದುಕೊಳ್ಳುವವನೇ ಬ್ರೋಕರು ಅನ್ನೋದು ಬೇರೆ ಮಾತು.

ಅವನ ಹಿಂದೆ ನಿಂತು ಬರೆದುಕೊಳ್ಳುವವರು ಯಾರು? ಒಬ್ಬರು ಮೊನ್ನೆ ಮೊನ್ನೆ ನಿವೃತ್ತರಾದವರು. ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ ಎರಡೂ ಸೇರಿಸಿ ಕೈಯಲ್ಲಿ ಒಂದು ಗಂಟು ಇದೆ. ಮಗ ದೂರದ ಊರಿನಲ್ಲಿ, ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಹೆಂಡತಿಗೆ ಸಾಕಾಗಿದೆ. ಇನ್ನೊಬ್ಬರು ಒಂಟಿ ಹೆಂಗಸು. ಕೆಲಸ ಇದೆ, ಸಂಬಳ ಇದೆ, ‘ಫ್ಯಾಮಿಲಿಗೆ ಮಾತ್ರ’ ಅನ್ನುವ ಮನೆ ಮಾಲೀಕರ ಮುಂದೆ ನಿಂತು ಜಾತಕ ಒಪ್ಪಿಸುವ ತಾಳ್ಮೆ ಇಲ್ಲ. ಮತ್ತೊಬ್ಬರು ಹೊಸದಾಗಿ ಮದುವೆಯಾದ ಜೋಡಿ. ನಾಲ್ಕನೆಯವರಿಗೆ ದುಡ್ಡು ಎಲ್ಲಿ ಹಾಕೋದು ಅನ್ನುವುದೇ ಚಿಂತೆ. ತಗೊಂಡು ಬಾಡಿಗೆಗೆ ಬಿಡುವವರು. ನಾಲ್ಕನೆಯವರು ಎಡವಿದರೆ ಲಾಭ ಕಡಿಮೆಯಾದೀತು, ಅಷ್ಟೆ. ಮೊದಲ ಮೂವರು ಎಡವಿದರೆ ಆಯುಷ್ಯದ ಉಳಿತಾಯವೇ ಹೋಯಿತು. ಈ ಬರಹ ಆ ಮೂವರಿಗಾಗಿ.

ಬ್ರೋಕರ್ ಮಾರುವುದು ಬೀದಿಯನ್ನು

ಚಿಕ್ಕ ಮನೆ ತೋರಿಸುವ ಬ್ರೋಕರು ಅಡಿಗೆಮನೆ ಮೊದಲು ತೋರಿಸುವುದಿಲ್ಲ. ನೇರ ಬಾಲ್ಕನಿಗೆ ಕರೆದುಕೊಂಡು ಹೋಗಿ ಕೈ ಚಾಚುತ್ತಾನೆ. “ಅಗೋ ನೋಡಿ ಸಾರ್, ಆ ತಿರುವು ದಾಟಿದ್ರೆ ಗಾಂಧಿ ಬಜಾರು. ಹೂವು, ಹಣ್ಣು, ತರಕಾರಿ ಎಲ್ಲಾ ಕಾಲಬುಡದಲ್ಲಿ. ವಿದ್ಯಾರ್ಥಿ ಭವನಕ್ಕೆ ಚಪ್ಲಿ ಮೆಟ್ಕೊಂಡು ಹೊರಟ್ರೆ ಐದೇ ನಿಮಿಷ. ಆ ಕಡೆ ಬ್ಯೂಗಲ್ ರಾಕು, ಈ ಕಡೆ ಕೃಷ್ಣರಾವ್ ಪಾರ್ಕು. ಮೆಟ್ರೋ ಬೇಕಾ? ನ್ಯಾಷನಲ್ ಕಾಲೇಜು ಸ್ಟೇಷನ್ ಇದೆ, ಸೌತ್ ಎಂಡ್ ಇದೆ.”

“ಮನೆ ಸ್ವಲ್ಪ ಚಿಕ್ಕದಾಯ್ತಲ್ಲಪ್ಪಾ?”

“ಚಿಕ್ಕದೇ ಸಾರ್. ಆದ್ರೆ ಇಲ್ಲಿ ಮನೇಲಿ ಇರೋರು ಯಾರು?”

ಈ ಮಾತಿಗೆ ಯಾರೂ ಎದುರು ಮಾತಾಡುವುದಿಲ್ಲ. ಯಾಕೆಂದರೆ ಅವನು ಹೇಳಿದ್ದು ಸುಳ್ಳಲ್ಲ. ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಇವತ್ತಿಗೂ ಭಾನುವಾರ ಬೆಳಿಗ್ಗೆ ದೋಸೆಗೆ ಬಾಗಿಲಲ್ಲಿ ಕಾಯಬೇಕು. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ, ನರಸಿಂಹರಾಜ ಕಾಲೋನಿಯಲ್ಲಿ ಡಿ.ವಿ.ಜಿ.ಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇವೆರಡೂ 1945ರವು. ಸಾಯಂಕಾಲ ಒಂದು ಉಪನ್ಯಾಸವೋ ಗಮಕವೋ ಕೇಳಲು ಟಿಕೆಟ್ಟು ತಗೊಳ್ಳಬೇಕಾಗಿಲ್ಲ. ಹಸಿರು ಗೆರೆಯ ಮೆಟ್ರೋ ಈ ಕಡೆ ಓಡಾಟ ಶುರುಮಾಡಿದ್ದು 2017ರ ಜೂನಿನಲ್ಲಿ. ಅಲ್ಲಿಂದ ಮೆಜೆಸ್ಟಿಕ್‌ಗೆ ಹೋಗಲು ಆಟೋದವನ ಹತ್ತಿರ ಜಗಳ ಕಾಯುವುದೂ ತಪ್ಪಿತು.

ಹೀಗಾಗಿ ಇಲ್ಲಿ ಒಂದು ರೂಮಿನ ಮನೆಯವರಿಗೆ ಪಡಸಾಲೆ ಪಾರ್ಕಿನಲ್ಲಿ, ಓದುವ ಕೋಣೆ ವಾಡಿಯಾ ರಸ್ತೆಯಲ್ಲಿ, ಉಗ್ರಾಣ ಬಜಾರಿನಲ್ಲಿ. ನಾಲ್ಕು ರೂಪಾಯಿ ಹೆಚ್ಚು ಕೊಟ್ಟಾದರೂ ಇಲ್ಲೇ ಇರೋಣ ಅಂತ ಜನ ಹಟ ಹಿಡಿಯುವುದು ಅದಕ್ಕೇ.

ಆದರೆ ಒಂದು ಮಾತು ಬರೆದಿಟ್ಟುಕೊಳ್ಳಿ. ಬಜಾರು, ಪಾರ್ಕು, ದೋಸೆ, ಮೆಟ್ರೋ ಎಲ್ಲ ಸೇರಿಯೇ ಮನೆಯ ಬೆಲೆ ಹೇಳುತ್ತಾರೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಅವು ಒಂದೂ ಬರುವುದಿಲ್ಲ. ಅಲ್ಲಿ ಬರುವುದು ನಾಲ್ಕು ಗೋಡೆ, ಮತ್ತು ಕೆಳಗಿನ ನೆಲದಲ್ಲಿ ಒಂದಿಷ್ಟು ಪಾಲು. ಮನೆ ಕೊಳ್ಳುವವರು ಬಾಲ್ಕನಿಯಲ್ಲಿ ನಿಂತು ನೋಡುವುದು ಅರ್ಧ ಗಂಟೆ. ಷೆಡ್ಯೂಲು ಓದುವುದು ಐದು ನಿಮಿಷ. ಇದು ತಿರುಗಾಮುರುಗಾ ಆಗಬೇಕು.

ವಠಾರದ ಮೊಮ್ಮಗ

ಒಂದು ರೂಮಿನ ಮನೆ ಬಸವನಗುಡಿಗೆ ಹೊಸದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕು ಇರಲಿ ಅಂತ ಈ ಕಡೆ ಬಸವನಗುಡಿ, ಆ ಕಡೆ ಮಲ್ಲೇಶ್ವರ ಬೆಳೆದವು. ಅಗಲವಾದ ನಿವೇಶನ, ಮುಂದೆ ಮನೆ, ಹಿಂದೆ ತೆಂಗು, ಬಾವಿ. ಊರು ಬೆಳೆದ ಹಾಗೆ ಹಿತ್ತಲಿನಲ್ಲಿ ಸಾಲುಮನೆ ಎದ್ದವು. ಅದೇ ವಠಾರ. ಒಂದು ಕೋಣೆ, ಒಂದು ಅಡಿಗೆಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಸಾಲು ನಿಂತು ಸ್ನಾನ.

ವಠಾರದಲ್ಲಿ ಜಗಳ ಬೇಕಾದಷ್ಟಿತ್ತು. ಆದರೆ ಮಾಲೀಕ ಒಬ್ಬನೇ. ಸೂರು ಸೋರಿದರೆ ಮುಂದಿನ ಮನೆಗೆ ಹೋಗಿ ಕೂಗಬಹುದಿತ್ತು. ಅವನು ಕೇಳಲಿ ಬಿಡಲಿ, ಕೂಗುವುದು ಯಾರ ಮುಂದೆ ಅನ್ನುವುದು ಗೊತ್ತಿತ್ತು.

ಆಮೇಲೆ ಏನಾಯ್ತು? ಮಾಲೀಕ ತೀರಿಕೊಂಡ. ನಾಲ್ಕು ಮಕ್ಕಳು, ನಾಲ್ಕು ಪಾಲು, ನೆಲ ಒಂದೇ. ಬಿಲ್ಡರು ಬಂದ. ‘ನೆಲ ನಿಮ್ಮದು, ಕಟ್ಟಡ ನನ್ನದು, ಫ್ಲಾಟುಗಳಲ್ಲಿ ಸಮಪಾಲು’ ಅಂದ. ತೆಂಗಿನ ಮರ ಉರುಳಿತು, ವಠಾರ ನೆಲಸಮವಾಯಿತು, ಮೂರು ನಾಲ್ಕು ಅಂತಸ್ತು ಎದ್ದಿತು. ದೊಡ್ಡ ಫ್ಲಾಟು ರಸ್ತೆ ಕಡೆಗೆ. ಹಿಂದೆ ಉಳಿದ ಮೂಲೆಯಲ್ಲಿ ಒಂದು ಬೆಡ್‌ರೂಮಿನದು. ಹೀಗೆ ವಠಾರದ ಮನೆ ಮೊಮ್ಮಗನ ರೂಪದಲ್ಲಿ ವಾಪಸು ಬಂತು. ಈ ಸಲ ಒಳಗೇ ಬಚ್ಚಲು, ಟೈಲ್ಸು, ಲಿಫ್ಟು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ವಠಾರಕ್ಕೆ ಯಜಮಾನ ಒಬ್ಬ. ಇಲ್ಲಿ ಹತ್ತು ಮನೆಗೆ ಹತ್ತು ಯಜಮಾನರು. ಲಿಫ್ಟು ಕೆಟ್ಟಾಗ ಒಬ್ಬರೂ ಇಲ್ಲ.

ಆರು ಚದರ ಅಂದರೆ ಎಷ್ಟು?

“ಆರು ಚದರ ಸಾರ್” ಅನ್ನುತ್ತಾನೆ ಬ್ರೋಕರು. ಅಂದರೆ 600 ಚದರಡಿ. ಟೇಪು ಹಿಡಿದು ಒಳಗೆ ಅಳೆದರೆ ಲೆಕ್ಕ ಕೂಡುವುದಿಲ್ಲ. ಯಾಕೆ? ಅವನು ಹೇಳಿದ 600ರಲ್ಲಿ ಹೊರಗೋಡೆಯ ದಪ್ಪ ಇದೆ, ಮೆಟ್ಟಿಲಿನ ಪಾಲಿದೆ, ಲಿಫ್ಟಿನ ಗುಂಡಿಯ ಪಾಲಿದೆ, ಕಾರಿಡಾರಿನ ಪಾಲಿದೆ. ಇದಕ್ಕೆ ಅವರು ‘ಸೂಪರ್ ಬಿಲ್ಟಪ್’ ಅಂತ ಹೆಸರಿಟ್ಟಿದ್ದಾರೆ. ದೊಡ್ಡ ಮನೆಯಲ್ಲಿ ಈ ಕಡಿತ ಅಷ್ಟು ಕಾಣುವುದಿಲ್ಲ. ಒಂದು ರೂಮಿನ ಮನೆಯಲ್ಲಿ ನೂರೈವತ್ತು ಚದರಡಿ ಹೋದರೆ ಮಂಚ ಹಾಕಿದ ಮೇಲೆ ಬೀರು ಎಲ್ಲಿಡೋದು ಅನ್ನುವ ಪ್ರಶ್ನೆ ಏಳುತ್ತದೆ.

ಕೇಂದ್ರ ಸರ್ಕಾರದ 2016ರ ರೇರಾ ಕಾಯ್ದೆ ಈ ವಿಷಯದಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ‘ಕಾರ್ಪೆಟ್ ಏರಿಯಾ’ ಅಂದರೆ ಇದು ಅಂತ ಕಾಗದದ ಮೇಲೆ ಬರೆಯಿತು. ಹೊರಗೋಡೆ ಸೇರಿಸುವ ಹಾಗಿಲ್ಲ, ಬಾಲ್ಕನಿ ಸೇರಿಸುವ ಹಾಗಿಲ್ಲ, ಪೈಪು ಹೋಗುವ ಶಾಫ್ಟು ಸೇರಿಸುವ ಹಾಗಿಲ್ಲ. ಒಳಗಿನ ಅಡ್ಡಗೋಡೆ ಮಾತ್ರ ಸೇರುತ್ತದೆ. ಹೊಸ ಯೋಜನೆಗಳವರು ಈ ಲೆಕ್ಕದಲ್ಲೇ ಮಾರಬೇಕು. ಗಾಂಧಿ ಬಜಾರಿನ ಸುತ್ತಿನ ಹಳೇ ಫ್ಲಾಟುಗಳು ಆ ಕಾಯ್ದೆಗಿಂತ ಮುಂಚಿನವು; ಅವುಗಳ ಮಾರಾಟಕ್ಕೆ ಅದು ತಾಗುವುದಿಲ್ಲ. ಆದರೆ ಅಳೆಯುವ ವಿಧಾನ ಗೊತ್ತಾಯಿತಲ್ಲ, ಟೇಪು ಹಿಡಿಯುವುದಕ್ಕೆ ಯಾರ ಅಪ್ಪಣೆ ಬೇಕು? ಒಳಗೆ ಅಳೆದು, ಹೇಳಿದ ಬೆಲೆಯನ್ನು ಆ ಅಳತೆಯಿಂದ ಭಾಗಿಸಿ ನೋಡಿ. ಚದರಡಿಗೆ ನಿಜವಾಗಿ ಎಷ್ಟು ಕೊಡುತ್ತಿದ್ದೀರಿ ಅನ್ನುವುದು ಆಗ ಗೊತ್ತಾಗುತ್ತದೆ.

ಕಾಲ ಕೆಳಗಿನ ನೆಲ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಟ್ಟಡ ದಿನೇ ದಿನೇ ಹಳೆಯದಾಗುತ್ತದೆ, ಅದರ ಬೆಲೆ ಇಳಿಯುತ್ತದೆ. ಏರುವುದು ನೆಲದ ಬೆಲೆ. ಫ್ಲಾಟು ಕೊಂಡವನಿಗೆ ನೆಲದಲ್ಲಿ ಸಿಗುವುದು ‘ಅವಿಭಾಜ್ಯ ಪಾಲು’. ಇಂಥ ಮೂಲೆ ನನ್ನದು ಅಂತ ಗೆರೆ ಎಳೆಯುವ ಹಾಗಿಲ್ಲ, ಒಟ್ಟು ನೆಲದಲ್ಲಿ ಇಷ್ಟು ಭಾಗ ಅಂತ ಲೆಕ್ಕ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿವೇಶನ 60-40, ಅಂದರೆ 2,400 ಚದರಡಿ. ಅದರ ಮೇಲೆ ಎಲ್ಲ ಫ್ಲಾಟೂ ಸೇರಿ 6,000 ಚದರಡಿ ಕಟ್ಟಿದ್ದಾರೆ. ನಿಮ್ಮದು 600. ಅಂದರೆ ಹತ್ತರಲ್ಲಿ ಒಂದು ಪಾಲು. ನೆಲದಲ್ಲಿ 240 ಚದರಡಿ. ಇಪ್ಪತ್ತಡಿ ಉದ್ದ ಹನ್ನೆರಡಡಿ ಅಗಲ. ನೀವು ಕೊಳ್ಳುತ್ತಿರುವ ಗಟ್ಟಿ ಆಸ್ತಿ ಇದು. ಕ್ರಯಪತ್ರದಲ್ಲಿ ಈ ಅಂಕಿ ಸ್ಪಷ್ಟವಾಗಿ ಇರಲೇಬೇಕು.

ಮೋಸ ನಡೆಯುವುದೂ ಇಲ್ಲೇ. ಮಂಜೂರಾದ ನಕ್ಷೆಯಲ್ಲಿ ಮೂರು ಅಂತಸ್ತು, ಎದ್ದದ್ದು ನಾಲ್ಕು. ಮೊದಲ ಮೂರು ಅಂತಸ್ತು ಮಾರುವಾಗಲೇ ನೆಲದ ಪಾಲೆಲ್ಲ ಹಂಚಿ ಮುಗಿದಿರುತ್ತದೆ. ನಾಲ್ಕನೆಯದಕ್ಕೆ ಗಾಳಿಯೇ ಗತಿ. ತಾರಸಿ ಮೇಲೆ ಆಮೇಲೆ ಎಬ್ಬಿಸಿದ ಒಂದು ರೂಮಿನ ಮನೆ ಇದ್ದರೆ ಇನ್ನಷ್ಟು ಹುಷಾರು. ನೋಡಲು ಚೆಂದ, ಗಾಳಿ ಚೆನ್ನಾಗಿದೆ, ಬೆಲೆಯೂ ಸ್ವಲ್ಪ ಕಡಿಮೆ. ಕಾಲ ಕೆಳಗೆ ನೆಲ ಮಾತ್ರ ಇಲ್ಲ. ‘ಅಕ್ರಮ ಸಕ್ರಮದಲ್ಲಿ ಸರಿ ಹೋಗುತ್ತೆ’ ಅಂತ ಸಮಾಧಾನ ಹೇಳುವವರೂ ಉಂಟು. ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟದ್ದನ್ನು ಅವರು ಹೇಳುವುದಿಲ್ಲ.

ಕಟ್ಟಡ ಇಡಿಯಾಗಿ ಹಳತಾದ ಮೇಲೆ ಏನು ಗತಿ? ಈ ಪ್ರಶ್ನೆ ಮನೆ ಕೊಳ್ಳುವ ದಿನ ಯಾರಿಗೂ ಹೊಳೆಯುವುದಿಲ್ಲ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆ ಬಂದದ್ದು 1972ರಲ್ಲಿ. ಕಟ್ಟಡವನ್ನು ಆ ಕಾಯ್ದೆಯ ಕಟ್ಟಿನಿಂದ ಹೊರಗೆ ತರಬೇಕಾದರೆ ಎಲ್ಲ ಮಾಲೀಕರೂ ಒಪ್ಪಿ ರುಜು ಹಾಕಬೇಕು ಅಂತ ಅದರಲ್ಲಿ ಬರೆದರು. ಹತ್ತು ಮನೆಯಲ್ಲಿ ಒಂಬತ್ತು ಜನ ಒಪ್ಪಿ ಒಬ್ಬ ‘ಊಹೂಂ’ ಅಂದರೆ ಕೂತ ಕಡೆಯೇ ಕೂರಬೇಕು. ಒಂದು ರೂಮಿನವರಿಗೆ ಪಾಲು ಕಡಿಮೆ, ಮೀಟಿಂಗಿನಲ್ಲಿ ದನಿಯೂ ಕಡಿಮೆ. ಅದಕ್ಕೇ ಅವರು ಬೇರೆಯವರಿಗಿಂತ ಹೆಚ್ಚು ಕಾಗದ ನೋಡಬೇಕು.

ಸಂಘ ಇದೆಯಾ? ಇದ್ದರೆ ಎಲ್ಲಿ ನೋಂದಾಯಿಸಿದ್ದಾರೆ? 1972ರ ಕಾಯ್ದೆಯ ಪ್ರಕಾರ ಘೋಷಣಾಪತ್ರ ಬರೆದು ನೋಂದಾಯಿಸಿ, ಒಬ್ಬೊಬ್ಬರ ಶೇಕಡಾವಾರು ಪಾಲು ಅದರಲ್ಲಿ ನಮೂದಿಸಬೇಕು. ಎಷ್ಟೋ ಕಡೆ ಹಾಗೆ ಮಾಡದೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಒಂದು ಸಂಘ ಮಾಡಿ, ಗಣೇಶನ ಹಬ್ಬ ಮಾಡಿಕೊಂಡು ಇದ್ದಾರೆ. ಇನ್ನೂ ಎಷ್ಟೋ ಕಡೆ ಅದೂ ಇಲ್ಲ. ಗ್ರೌಂಡ್ ಫ್ಲೋರಿನ ಹಿರಿಯರೊಬ್ಬರು ತಿಂಗಳಾ ತಿಂಗಳಾ ದುಡ್ಡು ಎತ್ತಿ ನೋಟುಬುಕ್ಕಿನಲ್ಲಿ ಬರೆಯುತ್ತಾರೆ, ಅಷ್ಟೆ. ಅವರು ಇರುವವರೆಗೆ ಎಲ್ಲ ಸರಿ.

ಒಳಗೆ ಭೋಗ್ಯದವರು

ಬೆಂಗಳೂರಿನಲ್ಲಿ ಚಿಕ್ಕ ಮನೆಗಳನ್ನು ಭೋಗ್ಯಕ್ಕೆ ಹಾಕುವುದು ಹಳೇ ರೂಢಿ. ಬಾಡಿಗೆ ಇಲ್ಲ, ಒಂದೇ ಗಂಟಿನಲ್ಲಿ ಇಷ್ಟು ಲಕ್ಷ ಕೊಟ್ಟು ಎರಡು ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ದುಡ್ಡು ವಾಪಸು. ಮಾಲೀಕ ಆ ದುಡ್ಡನ್ನು ಮಗಳ ಮದುವೆಗೋ ಮಗನ ಫೀಸಿಗೋ ಖರ್ಚು ಮಾಡಿರುತ್ತಾನೆ. ಈಗ ಅವನ ಹತ್ತಿರ ವಾಪಸು ಕೊಡಲು ದುಡ್ಡಿಲ್ಲ, ಅದಕ್ಕೇ ಮನೆ ಮಾರುತ್ತಿದ್ದಾನೆ.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ರಿಜಿಸ್ಟರು ಮಾಡಿಸಬೇಕು ಅಂತ ಕಾನೂನು ಇದೆ. ಮಾಡಿಸುವವರು ಕಡಿಮೆ. ಬಾಂಡ್ ಪೇಪರಿನ ಮೇಲೆ ಇಬ್ಬರು ಸಾಕ್ಷಿ ಹಾಕಿಸಿ ಬೀರುವಿನಲ್ಲಿ ಇಟ್ಟಿರುತ್ತಾರೆ. ರಿಜಿಸ್ಟರ್ ಆಗದ ಈ ಕಾಗದ ಋಣಭಾರ ಪತ್ರದಲ್ಲಿ, ಅಂದರೆ ‘ಈಸಿ’ಯಲ್ಲಿ, ಕಾಣುವುದೇ ಇಲ್ಲ. ಈಸಿ ಹಾಲಿನ ಹಾಗೆ ಶುಭ್ರ. ಕ್ರಯ ಆದ ಮೇಲೆ ಬಾಗಿಲು ತಟ್ಟಿದರೆ ಒಳಗಿನಿಂದ ಒಂದು ಸಂಸಾರ ಹೊರಗೆ ಬಂದು, “ನಮ್ಮ ಎಂಟು ಲಕ್ಷ ಯಾರು ಕೊಡ್ತೀರಾ?” ಅಂತ ಕೇಳುತ್ತದೆ. ಅವರದೂ ತಪ್ಪಲ್ಲ. ಅದು ಅವರ ಆಯುಷ್ಯದ ಗಂಟು. ಎರಡು ಬಡ ಗಂಟುಗಳು ಹೀಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಡುವೆ ಮಾರಿದವನು ಮಾಯ.

ಆದ್ದರಿಂದ ಮನೆಯೊಳಗೆ ಯಾರಿದ್ದಾರೋ ಅವರನ್ನೇ ಕೂರಿಸಿಕೊಂಡು ಮಾತಾಡಿ. “ಬಾಡಿಗೆಯಾ, ಭೋಗ್ಯನಾ? ಎಷ್ಟು? ಯಾವಾಗ ಬಿಡ್ತೀರಾ?” ಅಂತ ನೇರ ಕೇಳಿ. ಭೋಗ್ಯ ಇದ್ದರೆ ರಿಜಿಸ್ಟ್ರೇಷನ್ ದಿನ ಅವರ ದುಡ್ಡು ಅವರ ಕೈಗೇ ಹೋಗಲಿ, ಬೀಗದ ಕೈ ನಿಮ್ಮ ಕೈಗೆ ಬರಲಿ. ಉಳಿದದ್ದು ಮಾಲೀಕನಿಗೆ.

ಕಾಗದ ಕೇಳಿದರೆ ಮುನಿಸು ಯಾಕೆ?

“ನಂಬಿಕೆ ಇಲ್ವಾ ಸಾರ್? ಇವರು ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ” ಅನ್ನುವ ಮಾತು ಬಂದ ಕೂಡಲೇ ಎರಡು ಪಟ್ಟು ಎಚ್ಚರವಾಗಿ. ನಂಬಿಕೆ ದೇವಸ್ಥಾನದಲ್ಲಿ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಗದ.

ಮೊದಲು ಮೂಲಪತ್ರ. ವಠಾರದ ಕಾಲದಿಂದ ಬಿಲ್ಡರ ತನಕ ನೆಲ ಯಾರಿಂದ ಯಾರಿಗೆ ಬಂತು ಅನ್ನುವ ಸರಪಣಿ ಎಲ್ಲೂ ಕಡಿದಿರಬಾರದು. ನಾಲ್ಕು ಮಕ್ಕಳಲ್ಲಿ ಮೂವರು ಮಾತ್ರ ಸಹಿ ಹಾಕಿ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಸಹಿ ಬಿಟ್ಟುಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹಿಂದೂ ವಾರಸಾ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಬಂದಿದೆ. ಆಕೆ ಎಂದಾದರೂ ಕೋರ್ಟಿಗೆ ಬಂದರೆ ನಿಮ್ಮ ಒಂದು ರೂಮೂ ಮೊಕದ್ದಮೆಯಲ್ಲಿ ಪ್ರತಿವಾದಿಯಾದೀತು.

ಎರಡನೆಯದು, ಜನರಲ್ ಪವರ್ ಮೇಲೆ ಮಾರಾಟ. ‘ಜಿಪಿಎ ಇದೆ, ಅಗ್ರಿಮೆಂಟ್ ಇದೆ, ಸ್ವಾಧೀನ ಕೊಟ್ಟುಬಿಡ್ತೀವಿ, ರಿಜಿಸ್ಟ್ರೇಷನ್ ಖರ್ಚು ಉಳೀತು’ ಅನ್ನುವವರಿದ್ದಾರೆ. ಅಂಥ ಕಾಗದದಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ.

ಮೂರನೆಯದು, ಮಂಜೂರಾದ ನಕ್ಷೆ ಮತ್ತು ಸ್ವಾಧೀನ ಪತ್ರ, ಎಲ್ಲರೂ ‘ಓಸಿ’ ಅನ್ನುವ ಕಾಗದ. ನಕ್ಷೆ ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಂತು ಅಂತಸ್ತು ಎಣಿಸಿ. ಮಕ್ಕಳ ಆಟ ಅನ್ನಿಸಬಹುದು, ಆದರೆ ಎಣಿಸಿ.

ನಾಲ್ಕನೆಯದು, ಖಾತಾ. ಬೆಂಗಳೂರಿನಲ್ಲಿ 2024ರಿಂದ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಖಾತಾ ‘ಎ’ನೋ ‘ಬಿ’ನೋ ನೋಡಿ. ಬಿ ಅಂದರೆ ಕಂದಾಯ ತಗೊಂಡಿದ್ದಾರೆ ಅಂತ ಮಾತ್ರ ಅರ್ಥ. ಕಟ್ಟಡ ಸರಿಯಾಗಿದೆ ಅಂತಲ್ಲ.

ಐದನೆಯದು, ಪಾರ್ಕಿಂಗು. “ಕೆಳಗಡೆ ಕಂಬದ ಸಂದಿಯಲ್ಲಿ ಒಂದು ಜಾಗ ಇದೆ, ಅದಕ್ಕೆ ಬೇರೆ ಮೂರು ಲಕ್ಷ” ಅಂದರೆ ಕೊಡಬೇಡಿ. ಮುಂಬಯಿಯ ಒಂದು ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಬಯಲು ಪಾರ್ಕಿಂಗನ್ನಾಗಲಿ ಕಂಬದಡಿಯ ಪಾರ್ಕಿಂಗನ್ನಾಗಲಿ ಬಿಲ್ಡರು ಪ್ರತ್ಯೇಕ ಸ್ವತ್ತಿನ ಹಾಗೆ ಮಾರುವಂತಿಲ್ಲ, ಅದು ಎಲ್ಲರ ಸಾಮಾನ್ಯ ಜಾಗ ಅಂತ ತೀರ್ಪು ಕೊಟ್ಟಿತು. ಗಾಡಿ ನಿಲ್ಲಿಸುವ ಹಕ್ಕು ಪತ್ರದಲ್ಲಿ ಹೇಗೆ ಬರೆದಿದೆ ಅನ್ನುವುದನ್ನು ವಕೀಲರಿಗೆ ತೋರಿಸಿ.

ಇಷ್ಟು ನೋಡುವ ತನಕ ಮುಂಗಡ ಕೊಡಬೇಡಿ. “ಇನ್ನೊಂದು ಪಾರ್ಟಿ ರೆಡಿ ಇದೆ, ಸಂಜೆ ಬರ್ತಾರೆ” ಅನ್ನುವ ಆ ಪಾರ್ಟಿ ಬರಲಿ ಬಿಡಿ.

ಬೆಲೆಯ ಮೇಲಿನ ಬೆಲೆ

ಬೆಲೆ 60 ಲಕ್ಷ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಮಾತ್ರ. ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇಕಡಾ 10 ಸೆಸ್ಸು, 30 ಸಾವಿರ. ಶೇಕಡಾ 2 ಸರ್ಚಾರ್ಜು, 6 ಸಾವಿರ. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ ಶೇಕಡಾ 2 ಆಯಿತು. ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ಹೆಚ್ಚಿನದರ ಮೇಲೆ. 50 ಲಕ್ಷ ಮುಟ್ಟಿದರೆ, ಮಾರುವವನಿಗೆ ಕೊಡುವ ಹಣದಲ್ಲಿ ಶೇಕಡಾ 1 ವರಮಾನ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿಯೂ ಕೊಳ್ಳುವವರದೇ. ಇದು ಗೊತ್ತಿಲ್ಲದೆ ನೋಟೀಸು ತಗೊಂಡವರು ಇದ್ದಾರೆ.

ಬ್ರೋಕರ್ ಕಮಿಷನ್ನು, ವಕೀಲರ ಫೀಸು, ಸುಣ್ಣಬಣ್ಣ, ಹಳೇ ವೈರಿಂಗು ಬದಲಾವಣೆ ಇದರ ಮೇಲೆ. ಸಾಲ ತಗೊಳ್ಳುವವರಿಗೆ ಇನ್ನೊಂದು ಮಾತು: ಹಳೇ ಕಟ್ಟಡವಾದರೆ ಬ್ಯಾಂಕಿನವರು ಅದರ ಆಯುಸ್ಸು ಇನ್ನೆಷ್ಟು ಅಂತ ನೋಡುತ್ತಾರೆ. ಮುಂಗಡ ಕೊಟ್ಟ ಮೇಲೆ ಬ್ಯಾಂಕು ತಲೆ ಅಲ್ಲಾಡಿಸಿದರೆ ಮುಂಗಡಕ್ಕೆ ಎಳ್ಳುನೀರು. ಸಾಲ ಸಿಗದಿದ್ದರೆ ಮುಂಗಡ ವಾಪಸು ಅನ್ನುವ ಒಂದು ಸಾಲು ಕರಾರಿನಲ್ಲಿ ಬರೆಸಿ.

ನೀರು, ಲಿಫ್ಟು, ಗಲಾಟೆ

ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಹಳೇ ಬಡಾವಣೆ ಅಂದಮೇಲೆ ಕೊಳವೆ ಇದೆ, ನಿಜ. ಆದರೆ ವಠಾರದ ಕಾಲದಲ್ಲಿ ಹಾಕಿದ ಒಂದು ಸಂಪರ್ಕಕ್ಕೆ ಈಗ ಹತ್ತು ಮನೆ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರಿಗೆ ಬಾಯಿ ಬಿಟ್ಟದ್ದು ಮರೆಯುವ ಹಾಗಿಲ್ಲ. ಸಂಪು ಎಷ್ಟು ಲೀಟರಿನದು, ನೀರು ವಾರಕ್ಕೆ ಎಷ್ಟು ದಿನ ಬರುತ್ತೆ, ಆ ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟರು, ಈ ಮೂರು ಪ್ರಶ್ನೆ ಬ್ರೋಕರನ್ನು ಕೇಳಬೇಡಿ, ಪಕ್ಕದ ಮನೆಯ ಯಜಮಾನಿಯನ್ನು ಕೇಳಿ.

ಮೇಂಟೆನೆನ್ಸ್ ಬಾಕಿ ಎಷ್ಟಿದೆ ಅಂತ ಸಂಘದಿಂದ ಬರೆಸಿಕೊಳ್ಳಿ. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯಾ ನೋಡಿ. ಇವತ್ತು ಮೂರು ಮಹಡಿ ಹತ್ತುವ ಮಂಡಿಗೆ ಹತ್ತು ವರ್ಷ ಆದಮೇಲೂ ಹತ್ತಬೇಕಲ್ಲ.

ಇನ್ನು ಗಲಾಟೆ. ಗಿಜಿಗಿಜಿ ಬೀದಿ ಬೇಕು ಅಂದವರು ಅದರ ಸದ್ದನ್ನೂ ಕೊಳ್ಳಬೇಕು. ಬೆಳಗಿನ ಜಾವ ಹೂವಿನ ಮೂಟೆ ಇಳಿಯುತ್ತದೆ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ನಿಮ್ಮ ಗೇಟಿನ ಮುಂದೆಯೇ ಬಾಳೆಕಂದು. ಕಾರ್ತೀಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿ ಸುತ್ತ ಕಾಲಿಡಲು ಜಾಗ ಇರುವುದಿಲ್ಲ, ಪೀಪಿ ಊದುವುದು ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ಅದೇ ಚೆಂದ ಅನ್ನುವವರು ಕೊಳ್ಳಲಿ. ನಿದ್ದೆ ಸೂಕ್ಷ್ಮ ಇರುವವರು ಹಿಂಭಾಗದ ಮನೆ ನೋಡಲಿ. ಮನೆ ಒಂದು ಸಲ ನೋಡಿ ಒಪ್ಪಬೇಡಿ. ಬೆಳಿಗ್ಗೆ ಐದಕ್ಕೆ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ, ಶನಿವಾರ ಸಂಜೆ ಒಮ್ಮೆ ಹೋಗಿ ನಿಲ್ಲಿ. ಮಳೆ ಬಂದ ದಿನ ಹೋದರೆ ಇನ್ನೂ ಒಳ್ಳೇದು. ತಾರಸಿ ಸುಳ್ಳು ಹೇಳುವುದಿಲ್ಲ.

ಮಾರುವವರ ಕಡೆಯೂ ನೋಡಿ

ಎಲ್ಲ ಮಾರುವವರೂ ಮೋಸಗಾರರಲ್ಲ. ತೊಂಬತ್ತರ ದಶಕದಲ್ಲಿ ಒಡವೆ ಅಡವಿಟ್ಟು ಈ ಒಂದು ರೂಮು ಕೊಂಡು, ಇಲ್ಲೇ ಮಕ್ಕಳನ್ನು ಬೆಳೆಸಿ, ಈಗ ಮೆಟ್ಟಿಲು ಹತ್ತಲಾರದೆ ಮಾರುವ ಮುದುಕಿಯೂ ಬೋರ್ಡಿನ ಹಿಂದೆ ಇರಬಹುದು. ಮನೆ ನೋಡಲು ಬಂದವರು ಆಕೆಯ ಮುಂದೆಯೇ “ಏನಿದು ಬಿಲ, ಒಡೆದು ಹಾಕ್ಬೇಕು” ಅಂತ ಗೋಡೆ ತಟ್ಟುತ್ತಾರೆ. ಆಕೆ ಕಾಫಿ ಕೊಟ್ಟು ಸುಮ್ಮನಿರುತ್ತಾಳೆ. ಬ್ರೋಕರು ಹೇಳುವ ಬೆಲೆಗೂ ಆಕೆಯ ಕೈಗೆ ಸೇರುವ ಬೆಲೆಗೂ ಎಷ್ಟೋ ಸಲ ಅಂತರ ಇರುತ್ತದೆ. ಆದ್ದರಿಂದ ಇಬ್ಬರೂ ಎದುರುಬದುರು ಕೂತು ಮಾತಾಡುವುದು ಇಬ್ಬರಿಗೂ ಒಳ್ಳೇದು. ಹಣವೆಲ್ಲ ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಇರಲಿ. ಅರ್ಧ ಕಪ್ಪು ಅರ್ಧ ಬಿಳುಪು ಅನ್ನುವ ಲೆಕ್ಕಕ್ಕೆ ಒಪ್ಪಿಕೊಂಡರೆ ನಾಳೆ ವ್ಯವಹಾರ ಮುರಿದಾಗ ಕಪ್ಪಿಗೆ ರಸೀತಿ ಇರುವುದಿಲ್ಲ.

ಬೀದಿ ಉಳಿದರೆ ಮನೆ

ಕೊನೆಯದಾಗಿ ಊರಿನ ಮಾತು. ಗಾಂಧಿ ಬಜಾರು ಬಜಾರಾಗಿ ಉಳಿದಿರುವುದು ದೊಡ್ಡ ಬಂಗಲೆಯವರಿಂದಲ್ಲ. ಸಂಜೆ ಚೀಲ ಹಿಡಿದು ಬಂದು ಕಾಲು ಕೆ.ಜಿ. ಬೀನ್ಸು, ಒಂದು ಮೊಳ ಮಲ್ಲಿಗೆ, ಅರ್ಧ ಕೆ.ಜಿ. ಕಾಫಿಪುಡಿ ಕೊಳ್ಳುವವರಿಂದ. ಚಿಕ್ಕ ಅಡಿಗೆಮನೆಯವರು ದಿನಾ ಬೀದಿಗೆ ಬರುತ್ತಾರೆ. ಅವರು ಬರುವುದರಿಂದ ಹೂವಿನಾಕೆಯ ಬುಟ್ಟಿ ಖಾಲಿಯಾಗುತ್ತದೆ. ಹೂವಿನಾಕೆ ಇರುವುದರಿಂದ ಈ ಮನೆಗೆ ಬೆಲೆ ಬರುತ್ತದೆ. ಒಂದು ಹೋದರೆ ಇನ್ನೊಂದು ನಿಲ್ಲುವುದಿಲ್ಲ.

ಈಗ ಈ ಚಿಕ್ಕ ಫ್ಲಾಟುಗಳಲ್ಲಿ ಒಂದೊಂದಾಗಿ ಆಫೀಸು, ಗೋದಾಮು, ದಿನಬಾಡಿಗೆಯ ರೂಮು ಕಾಣಿಸಿಕೊಳ್ಳುತ್ತಿವೆ. ವಾಸಕ್ಕೆ ಅಂತ ಘೋಷಿಸಿದ ಕಟ್ಟಡದಲ್ಲಿ ಅದು ಸಲ್ಲದು ಅಂತ ಸಂಘದವರು ಹೇಳಬೇಕು. ಸಂಘ ಸತ್ತಿದ್ದರೆ ಹೇಳುವವರು ಯಾರು? ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಆದರೂ ರಸ್ತೆ ರಿಪೇರಿ ಬಂದಾಗಲೆಲ್ಲ ಮೊದಲು ಎದ್ದು ಹೋಗಬೇಕಾದವರು ಅವರೇ. ಮನೆ ಕೊಳ್ಳುವಾಗ ಬಾಲ್ಕನಿಯಿಂದ ಹೂವಿನ ಸಾಲು ನೋಡಿ ಎರಡು ಲಕ್ಷ ಹೆಚ್ಚು ಕೊಟ್ಟವರೇ, ಕೊಂಡ ಆರು ತಿಂಗಳಿಗೆ ‘ಫುಟ್‌ಪಾತ್ ಆಕ್ರಮಿಸಿಕೊಂಡಿದ್ದಾರೆ’ ಅಂತ ಅರ್ಜಿ ಬರೆಯುತ್ತಾರೆ. ಇದು ಯಾವ ನ್ಯಾಯ?

ಕೊಳ್ಳುವವರು ಕೊಳ್ಳಿ. ಒಂದು ರೂಮು ಸಾಲದು ಅಂತ ಯಾರೂ ಹೇಳಲಿಲ್ಲ. ಈ ಊರಿನಲ್ಲಿ ಒಂದು ರೂಮಿನಲ್ಲಿ ಬಾಳಿ ಬದುಕಿದವರು ಸಾವಿರಾರು. ಆದರೆ ಅಳೆದು ಕೊಳ್ಳಿ, ನೆಲದ ಪಾಲು ಓದಿ ಕೊಳ್ಳಿ, ಒಳಗಿರುವವರನ್ನು ಕೇಳಿ ಕೊಳ್ಳಿ. ಕೊಂಡ ಮೇಲೆ ಸಂಘದ ಮೊದಲ ಮೀಟಿಂಗಿಗೇ ಹೋಗಿ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ನಿಮ್ಮದು ಹತ್ತರಲ್ಲಿ ಒಂದೇ ಪಾಲಿರಬಹುದು, ಆ ಒಂದು ಪಾಲು ನಿಮ್ಮದು.